ಆರನೇ ಸಾಲು ಏಳಾದದ್ದು

ತುಲಾ ತಿಂಗಳ ಗುಡುಗು ನಮ್ಮ ಕಾಸರಗೋಡಿನವರಿಗೆ ಹೊಸತಲ್ಲ. ಮಧ್ಯಾಹ್ನದವರೆಗೆ ಉರಿಬಿಸಿಲು, ನಾಲ್ಕು ಗಂಟೆಗೆ ಮೂಡಣದಲ್ಲಿ ಕಪ್ಪು ಮೋಡ, ಅಷ್ಟರಲ್ಲಿ ಮನೆಮನೆಯಲ್ಲೂ ಅಮ್ಮಂದಿರು ಟಿವಿಯ ವಯರ್ ಕಿತ್ತು ಹಾಕಿಯಾಗಿರುತ್ತದೆ. ಚರ್ಚ್ ಕಚೇರಿಯ ಕಂಪ್ಯೂಟರಿನ ವಯರ್ ಕೀಳಲು ಮಾತ್ರ ಆ ದಿನ ಯಾರೂ ಇರಲಿಲ್ಲ. ಒಂದೇ ಸಿಡಿಲು. ಮೋಡೆಮ್ ಹೋಯಿತು, ಸಿಪಿಯು ಹೋಯಿತು, ಕಚೇರಿಯಲ್ಲಿ ಸುಟ್ಟ ವಾಸನೆ ಎರಡು ದಿನ ಇತ್ತು.

ರಿಪೇರಿ ಅಂಗಡಿಯವರು ಪೆಟ್ಟಿಗೆ ಬಿಚ್ಚಿ ನೋಡಿ, ಮದರ್‌ಬೋರ್ಡ್ ಸತ್ತಿದೆ, ಹಾರ್ಡ್ ಡಿಸ್ಕ್ ಮಾತ್ರ ಬದುಕಿದೆ ಎಂದರು. ನಾವು ದೇವರಿಗೆ ಸ್ತೋತ್ರ ಎಂದೆವು. ನಮ್ಮ ವಾರ್ಡಿನ ಒಬ್ಬರು ಮಗಳ ಹಳೆಯ ಲ್ಯಾಪ್‌ಟಾಪನ್ನು ಚರ್ಚಿಗೆ ಕೊಟ್ಟರು. ವಿಂಡೋಸ್ ಅದರ ಜತೆಗೇ ಅಧಿಕೃತವಾಗಿ ಬಂದದ್ದು. ಆಫೀಸ್ ಒಂದು ಇರಲಿಲ್ಲ. ಅಂಗಡಿಯ ಹುಡುಗ, "ಐನೂರು ಕೊಡಿ, ಯಾವಾಗಲೂ ಹಾಕುವ ಹಾಗೆ ಹಾಕಿಕೊಡ್ತೇನೆ" ಎಂದ. ಜತೆಗಿದ್ದ ಫಾದರ್, "ಯಾವಾಗಲೂ ಹಾಕುವ ಹಾಗೆ ಅಂದರೆ ಹೇಗೆ?" ಎಂದು ಸುಮ್ಮನೆ ಕೇಳಿದರು. ಹುಡುಗ ನಕ್ಕು, "ಕ್ರ್ಯಾಕ್ ಫಾದರ್. ಎಲ್ಲರೂ ಅದೇ" ಎಂದ.

ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದೂ ಅದೇ ಎಂದು ನಮಗೆ ಆಗ ಗೊತ್ತಾಯಿತು. ಏಳನೆಯ ಕಟ್ಟಳೆಯ ಬಗ್ಗೆ ನಾವೇ ಚಾರ್ಟ್ ಬರೆದು ಧರ್ಮಶಿಕ್ಷಣದ ಕೋಣೆಯಲ್ಲಿ ಅಂಟಿಸಿದ್ದು, ಆ ಚಾರ್ಟಿನ ಅಕ್ಷರಗಳನ್ನು ಪ್ರಿಂಟ್ ತೆಗೆದದ್ದು ಆ ಕಂಪ್ಯೂಟರಿನಿಂದಲೇ. ಫಾದರ್ ಬೈಯಲಿಲ್ಲ. "ಬೇಡಪ್ಪ, ಹಾಗೆಯೇ ಕೊಡಿ" ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟರು. ಹೊಸತು ಕೊಳ್ಳುವುದಕ್ಕೆ ಪಾಲನಾ ಮಂಡಳಿಯಲ್ಲಿ ಹಣ ಇರಲಿಲ್ಲ, ಆ ವರ್ಷದ ಹಣವೆಲ್ಲ ಛಾವಣಿಗೆ ಹೋಗಿತ್ತು. ದಾರಿಯಲ್ಲಿ ನಮ್ಮ ಕಡೆ ತಿರುಗಿ, "ಯೂತ್‌ನವರು ಏನಾದರೂ ದಾರಿ ಹುಡುಕಿ. ಮೃತರ ದಿನಕ್ಕೆ ಮೊದಲು ಬೇಕು" ಎಂದರು. ಮೃತರ ದಿನ ಎಂದರೆ ನವೆಂಬರ್ 2. ಕೈಯಲ್ಲಿ ಇದ್ದದ್ದು ಹನ್ನೊಂದು ದಿನ.

ನಾವು ಲಿಬ್ರೆಆಫೀಸ್ ಹಾಕಿದೆವು. ಇದನ್ನು ನಾವೇನೋ ಕಂಡುಹಿಡಿದಂತೆ ಹೇಳಿಕೊಳ್ಳುವ ಹಾಗಿಲ್ಲ. ನಾವು ನಾಲ್ಕೈದು ಜನ ಕಾಲೇಜಿನವರು ಕಚೇರಿಯಲ್ಲಿ ಕುಳಿತು ಮೆನುಗಳನ್ನು ತಡಕಾಡುತ್ತಿದ್ದಾಗ, ಪೂಜೆ ಮುಗಿಸಿ ಬಂದ ಎಂಟನೇ ಕ್ಲಾಸಿನ ಹುಡುಗಿ ಬಾಗಿಲಲ್ಲಿ ನಿಂತು, "ಇದು ನಮ್ಮ ಸ್ಕೂಲಿನದ್ದೇ ಅಲ್ವಾ ಅಣ್ಣಾ?" ಎಂದಳು. ಹೌದಲ್ಲ! ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಸ್ವತಂತ್ರ ತಂತ್ರಾಂಶದಲ್ಲಿ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ, 2017ರಲ್ಲಿ ಕೈಟ್ ಎಂದು ಹೆಸರು ಬದಲಾದ ಯೋಜನೆ ಅದು. ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪಾಠಪುಸ್ತಕ ಕನ್ನಡದಲ್ಲೇ ಬರುತ್ತದೆ. ಗಡಿಯಲ್ಲಿದ್ದೇವೆ, ನಮಗೆ ಏನೂ ಸಿಗುವುದಿಲ್ಲ ಎಂದು ಸದಾ ಗೊಣಗುವ ನಾವು, ಸಿಕ್ಕಿದ್ದನ್ನು ಮಾತ್ರ ಪರೀಕ್ಷೆ ಮುಗಿದ ಮರುದಿನ ಮರೆತು ಮಂಗಳೂರಿನ ಕಾಲೇಜಿಗೆ ಹೋಗಿದ್ದೆವು. ಆ ಹುಡುಗಿಯನ್ನು ಒಳಗೆ ಕರೆದು ಕುರ್ಚಿ ಕೊಟ್ಟೆವು. ಆಮೇಲೆ ಹನ್ನೊಂದು ದಿನವೂ ಅವಳೇ ನಮ್ಮ ಮಾಸ್ಟ್ರು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಜರ್ಮನಿಯ ಒಂದು ಕಂಪನಿ ಮಾಡಿದ ಸ್ಟಾರ್‌ಆಫೀಸ್ ಎಂಬುದನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡಿತು, 2000ದಲ್ಲಿ ಅದರ ಮೂಲ ಸಂಕೇತವನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿತು. ಹಾಗೆ ಹುಟ್ಟಿದ್ದು ಓಪನ್‌ಆಫೀಸ್. 2010ರಲ್ಲಿ ಅದರಲ್ಲಿ ದುಡಿಯುತ್ತಿದ್ದ ಬಹಳ ಮಂದಿ ಬೇರೆಯಾಗಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿ ಲಿಬ್ರೆಆಫೀಸ್ ಎಂಬ ಹೆಸರಲ್ಲಿ ಮುಂದುವರಿಸಿದರು. ಪತ್ರ ಬರೆಯಲು ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಪರದೆಯ ಮೇಲೆ ತೋರಿಸಲು ಇಂಪ್ರೆಸ್. ಎಷ್ಟು ಕಂಪ್ಯೂಟರಿಗೆ ಹಾಕಿದರೂ, ಯಾರಿಗೆ ಹಂಚಿದರೂ ತಪ್ಪಿಲ್ಲ. ಇಷ್ಟು ಸಾಕು.

ಹೊಸ ಪತ್ರ ಬರೆಯುವುದು ಕಷ್ಟವೇ ಆಗಲಿಲ್ಲ. ಕಷ್ಟ ಬಂದದ್ದು ಹಳೆಯದನ್ನು ತೆರೆಯುವಾಗ.

ಹಾರ್ಡ್ ಡಿಸ್ಕಿನಲ್ಲಿ ಸುಮಾರು ಹದಿನೆಂಟು ವರ್ಷಗಳ ಕಡತಗಳಿದ್ದವು. ಅವನ್ನೆಲ್ಲ ಮಾಡಿದವರು ನಮ್ಮ ಕಚೇರಿಯ ಕ್ಲಾರ್ಕ್ ಅಂಕಲ್. ಪಂಚಾಯತಿನ ಕೆಲಸದಿಂದ ನಿವೃತ್ತರಾದ ಮೇಲೆ ಚರ್ಚಿಗೆ ಬಂದು ಕುಳಿತವರು, ಎರಡು ಬೆರಳಲ್ಲಿ ಟೈಪ್ ಮಾಡುತ್ತಿದ್ದರು, ಮಕ್ಕಳು ಕೀಬೋರ್ಡ್ ಮುಟ್ಟಿದರೆ ಸಿಟ್ಟಾಗುತ್ತಿದ್ದರು. ಹೋದ ವರ್ಷದ ಮೊದಲಿನ ವರ್ಷ ಲೆಂತ್ ಕಾಲದಲ್ಲಿ ತೀರಿಕೊಂಡರು. ಮೊದಲ ಕಡತವನ್ನು ಡಬಲ್ ಕ್ಲಿಕ್ ಮಾಡಿದೆವು. ತೆರೆಯಿತು. ಅಲ್ಲಿ ಕನ್ನಡವೇ ಇರಲಿಲ್ಲ. ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀರು ಎಳೆದ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆ, ಮತ್ತೆ ಗೀರಿನ ಎ. ಪುಟದ ತುಂಬ ಇದೇ. ನಮ್ಮಲ್ಲೊಬ್ಬ, "ಸಿಡಿಲು ಫೈಲಿಗೂ ಹೊಡೆದಿದೆ" ಎಂದ. ಲಿಬ್ರೆಆಫೀಸಿಗೆ ಕನ್ನಡ ಬರುವುದಿಲ್ಲ ಎಂದು ಇನ್ನೊಬ್ಬಳು ತೀರ್ಪು ಕೊಟ್ಟಳು.

ಎರಡೂ ತಪ್ಪು. ಅಂಕಲ್ ಟೈಪ್ ಮಾಡಿದ್ದು ನುಡಿಯಲ್ಲಿ, ಹಳೆಯ ರೀತಿಯ ಫಾಂಟಿನಲ್ಲಿ. ಆ ಕಾಲದಲ್ಲಿ ಕಂಪ್ಯೂಟರಿಗೆ ಅದು ಕನ್ನಡ ಎಂದು ಗೊತ್ತೇ ಇರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸುತ್ತಿದ್ದರು, ದೊಡ್ಡ ಪಿ ಇರುವಲ್ಲಿ ‘ಕ’ದ ಕೆಳಭಾಗ, ಗೀರಿನ ಎ ಇರುವಲ್ಲಿ ತಲೆಕಟ್ಟು. ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದಿದ್ದರೆ ವೇಷ ಕಳಚಿದ ಪಾತ್ರಧಾರಿಯ ಹಾಗೆ ಒಳಗಿದ್ದದ್ದು ಹೊರಗೆ ಬರುತ್ತದೆ. ಹಳೆಯ ಹಾರ್ಡ್ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ತೆಗೆದು ಲ್ಯಾಪ್‌ಟಾಪಿಗೆ ಹಾಕಿ ಮತ್ತೆ ತೆರೆದೆವು. ಇಡೀ ಪುಟ ಕನ್ನಡವಾಯಿತು. ಆಗ ಕಚೇರಿಯಲ್ಲಿ ಕೂಗಿದ ಕೂಗಿಗೆ ಸಿಸ್ಟರ್ ಕಾನ್ವೆಂಟಿನಿಂದ ಇಣುಕಿ ನೋಡಿದರು.

ಚರ್ಚಿನಿಂದ ಪಂಚಾಯತಿಗೆ ಬರೆದ ಮಲಯಾಳ ಪತ್ರಗಳ ಕಥೆಯೂ ಇದೇ. ಅವು ಐಎಸ್‌ಎಂನ ಹಳೆಯ ಮಲಯಾಳ ಫಾಂಟಿನವು. ಅದನ್ನೂ ಹಾಕಿದೆವು. ಹಳೆಯ ಸ್ಮರಣ ಸಂಚಿಕೆಯ ಪೇಜ್‌ಮೇಕರ್ ಕಡತಗಳನ್ನು ಡ್ರಾ ತೆರೆಯಿತು. ನಮಗೇ ನಂಬಿಕೆ ಇರಲಿಲ್ಲ, ಪೇಜ್‌ಮೇಕರನ್ನು ಈಗ ಮಾರುವವರೇ ಇಲ್ಲ. ಆದರೆ ಅದು ಶ್ರೀಲಿಪಿಯಲ್ಲಿತ್ತು, ಅದರ ಲೆಕ್ಕಾಚಾರ ನುಡಿಯದಲ್ಲ. ಅದನ್ನು ಹಾಗೆಯೇ ಬದಿಗಿಟ್ಟೆವು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತೋ ಏನೋ. ಆದರೆ ಹಳೆಯ ಫಾಂಟಿನ ಕನ್ನಡದಲ್ಲಿ ಹೆಸರು ಹುಡುಕಲು ಆಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಲು ಆಗುವುದಿಲ್ಲ, ಮೊಬೈಲಿಗೆ ಕಳಿಸಿದರೆ ಮತ್ತೆ ಪೌಂಡ್ ಚಿಹ್ನೆ. ಹಾಗಾಗಿ ಯುನಿಕೋಡಿಗೆ ಬದಲಾಯಿಸುವ ಉಚಿತ ಪರಿವರ್ತಕ ಸಿಕ್ಕಿತು ಎಂದು ಕುಟುಂಬಗಳ ಪಟ್ಟಿಯನ್ನು ಅದಕ್ಕೆ ಹಾಕಿದೆವು. ನೂರಕ್ಕೆ ತೊಂಬತ್ತು ಸರಿ ಬಂತು. ಉಳಿದದ್ದರಲ್ಲಿ ತಮಾಷೆ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತನ್ನು ಬರೆಯುವ ಕ್ರಮದಲ್ಲೇ ಅಕ್ಷರದ ನಂತರ ಇಡುತ್ತಾರೆ, ಯುನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ ಮೊದಲು ಇಡಬೇಕು. ಕೆಲವು ಕಡೆ ಪರಿವರ್ತಕ ಎಡವಿ ರೇಫ ಮುಂದಿನ ಅಕ್ಷರಕ್ಕೆ ಹಾರಿತ್ತು. ಇನ್ನೊಂದು, ಅರ್ಧಾಕ್ಷರ. ನಮ್ಮ ಹೆಸರುಗಳೆಲ್ಲ ಅರ್ಧಾಕ್ಷರದಲ್ಲೇ ನಿಲ್ಲುವುದು, ಕೊಂಕಣಿಯಂತೂ ಕೇಳುವುದೇ ಬೇಡ. ರೋಜ್‌ಮೇರಿ ಎಂದಿದ್ದವರೆಲ್ಲ ರೋಜ್ಮೇರಿ ಆಗಿ, ‘ಜ’ದ ಕಾಲಿಗೆ ‘ಮ’ ನೇತಾಡುತ್ತಿತ್ತು. ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಿದರೆ ಬಿಡಿಯಾಗುತ್ತದೆ. 214 ಕುಟುಂಬಗಳ ಪಟ್ಟಿಯನ್ನು ಕಣ್ಣಲ್ಲಿ ಓದಿಯೇ ತಿದ್ದಬೇಕಾಯಿತು. ಮತ್ತೆ, ಬದಲಾಯಿಸಿದ ಅಕ್ಷರವೆಲ್ಲ ಸಣ್ಣದಾಗಿ ಹೋಗುತ್ತಿತ್ತು. ಅದಕ್ಕೆ ಕಾರಣ ಹುಡುಕಿದ್ದು ನಮ್ಮ ಎಂಟನೇ ಕ್ಲಾಸಿನ ಮಾಸ್ಟ್ರು: ರೈಟರ್ ಕನ್ನಡವನ್ನು ಸಂಕೀರ್ಣ ಲಿಪಿ ಎಂದು ಬೇರೆ ಲೆಕ್ಕದಲ್ಲಿ ಇಡುತ್ತದೆ, ಅದಕ್ಕೆ ಫಾಂಟ್ ಮತ್ತು ಗಾತ್ರ ಬೇರೆಯೇ ಹೇಳಬೇಕು. ಇಂಗ್ಲಿಷಿಗೆ ಹೇಳಿದ್ದು ಕನ್ನಡಕ್ಕೆ ಕೇಳಿಸುವುದಿಲ್ಲ.

ಇದೆಲ್ಲ ಆಗುವ ಹೊತ್ತಿಗೆ ಅಕ್ಟೋಬರ್ 28. ಫಾದರ್ ಬಂದು, "ಸಿಮೆಟ್ರಿಯ ನಕ್ಷೆ ಎಲ್ಲಿಯವರೆಗೆ ಬಂತು?" ಎಂದರು.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸಿಮೆಟ್ರಿಯಲ್ಲಿ ಒಂಬತ್ತು ಸಾಲು. ಅನುಕೂಲ ಇರುವವರು ಗ್ರಾನೈಟ್ ಹಾಕಿ ಹೆಸರು ಕೆತ್ತಿಸಿದ್ದಾರೆ. ಅರ್ಧಕ್ಕಿಂತ ಹೆಚ್ಚು ಗೋರಿಗಳಿಗೆ ಒಂದು ಸಿಮೆಂಟಿನ ಶಿಲುಬೆ ಮಾತ್ರ, ಹೆಸರು ಬರೆದದ್ದು ಮೂರು ಮಳೆಗಾಲಕ್ಕೆ ತೊಳೆದು ಹೋಗುತ್ತದೆ. ಯಾರದ್ದು ಎಲ್ಲಿ ಎಂಬುದು ಮರಣದ ದಾಖಲೆ ಪುಸ್ತಕದಲ್ಲಿಲ್ಲ, ಅದರಲ್ಲಿ ಹೆಸರು ಮತ್ತು ದಿನಾಂಕ ಮಾತ್ರ. ಎಲ್ಲಿ ಎಂಬುದು ಇರುವುದು ಕ್ಲಾರ್ಕ್ ಅಂಕಲ್ ಮಾಡಿದ ನಕ್ಷೆಯಲ್ಲಿ. ಪ್ರತಿ ವರ್ಷ ಮೃತರ ದಿನಕ್ಕೆ ಮೊದಲು ಅದನ್ನು ಪ್ರಿಂಟ್ ಮಾಡಿ ಗೇಟಿನ ಬೋರ್ಡಿಗೆ ಹಾಕುವುದು ರೂಢಿ. ಆ ವಾರ ಜನ ಹಾರೆ ಕತ್ತಿ ಹಿಡಿದು ಬಂದು ಹುಲ್ಲು ತೆಗೆದು ಸುಣ್ಣ ಬಳಿಯುತ್ತಾರೆ. ಮುಂಬಯಿಯಿಂದ, ಗಲ್ಫಿನಿಂದ ಬಂದವರು ನಕ್ಷೆ ನೋಡಿ ಹೋಗುತ್ತಾರೆ.

ಕಡತ ತೆರೆದೆವು. ಪ್ರತಿ ಗೋರಿಗೆ ಒಂದು ಚೌಕ, ಒಳಗೆ ಹೆಸರು, ಎಡಗಡೆಯಲ್ಲಿ ಸಾಲು ಒಂದು, ಸಾಲು ಎರಡು ಎಂದು ಒಂಬತ್ತರವರೆಗೆ. ಚಂದ ಕಂಡಿತು. ಹೆಸರುಗಳು ಓದಲು ಬರುತ್ತಿದ್ದವು. ಎ4 ಹಾಳೆಗೆ ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಹೊದಿಸಿ, ಆ ಸಂಜೆಯೇ ಗೇಟಿಗೆ ಹಾಕಿ ಐಸ್‌ಕ್ರೀಮ್ ತಿನ್ನಲು ಬದಿಯಡ್ಕಕ್ಕೆ ಹೋದೆವು.

ಮಾರನೆಯ ಬೆಳಗ್ಗೆ ಪೂಜೆಯ ನಂತರ ಸಿಮೆಟ್ರಿಯಿಂದ ಕರೆ ಬಂತು. ಹೋಗಿ ನೋಡಿದರೆ ಕುವೈತಿನಲ್ಲಿ ಕೆಲಸದಲ್ಲಿರುವ ಒಬ್ಬ ಅಣ್ಣ ಕೈಯಲ್ಲಿ ಸುಣ್ಣದ ಬ್ರಷ್ ಹಿಡಿದು ನಿಂತಿದ್ದಾರೆ. ಅವರ ಅಪ್ಪ ತೀರಿಕೊಂಡದ್ದು 2020ರಲ್ಲಿ, ವಿಮಾನ ಇಲ್ಲದ ದಿನಗಳಲ್ಲಿ. ಮಣ್ಣಿಗೆ ಬರಲು ಆಗಿರಲಿಲ್ಲ. ಆಮೇಲೆ ರಜೆಗೆ ಬಂದಾಗಲೆಲ್ಲ ಅಮ್ಮನೇ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ್ದರು. ಈ ಸಲ ಅಮ್ಮನಿಗೆ ನಡೆಯಲು ಆಗುವುದಿಲ್ಲ, ಒಬ್ಬರೇ ಬಂದಿದ್ದಾರೆ. ನಮ್ಮ ನಕ್ಷೆ ನೋಡಿ, ಏಳನೇ ಸಾಲು ಎಣಿಸಿ, ನಾಲ್ಕನೆಯ ಗೋರಿಯ ಹುಲ್ಲು ಕಿತ್ತು, ಕಲ್ಲು ಜೋಡಿಸಿ, ಸುಣ್ಣ ಬಳಿದು, ಹೂ ಇಟ್ಟು, ಮೇಣದ ಬತ್ತಿ ಹಚ್ಚಿದ್ದಾರೆ. ಅಷ್ಟರಲ್ಲಿ ಕೊಡೆ ಊರಿಕೊಂಡು ಬಂದ ನಮ್ಮ ಮೇಲಿನ ವಾಡೆಯ ಅಜ್ಜಿ, "ಎಂತ ಮಗಾ, ನನ್ನವರ ಮೇಲೆ ನಿನಗೆ ಇಷ್ಟು ಪ್ರೀತಿ ಎಲ್ಲಿಂದ ಬಂತು?" ಎಂದು ಕೇಳಿದ್ದಾರೆ.

ಅಜ್ಜಿ ತಮಾಷೆಗೇ ಕೇಳಿದ್ದು. ಅಣ್ಣ ನಗಲಿಲ್ಲ. ನಮಗೆ ಬೈಯಲೂ ಇಲ್ಲ. ನಳ್ಳಿಯಲ್ಲಿ ಕೈ ತೊಳೆದುಕೊಂಡು ಬಂದು, "ಹಾಗಾದರೆ ನನ್ನ ಅಪ್ಪ ಎಲ್ಲಿ?" ಎಂದು ಕೇಳಿದರು.

ನಮ್ಮ ಬಳಿ ಉತ್ತರ ಇರಲಿಲ್ಲ. ನಕ್ಷೆ ಕಿತ್ತುಕೊಂಡು ಕಚೇರಿಗೆ ಓಡಿದೆವು.

ಏನಾಗಿತ್ತು ಎಂದು ಕಂಡುಕೊಳ್ಳಲು ಮಧ್ಯಾಹ್ನ ಆಯಿತು. ಗಂಟೆ ಬಾರಿಸುವ ಅಂಕಲ್ ಹೂಜಿ, ಮೇಣ ಇಡುವ ಕಪಾಟಿನ ಹಿಂದಿನಿಂದ 2019ರ ಹಳೆಯ ಪ್ರಿಂಟ್ ಒಂದನ್ನು ಹುಡುಕಿ ಕೊಟ್ಟರು. ಎರಡನ್ನೂ ಅಕ್ಕಪಕ್ಕ ಇಟ್ಟೆವು. ಒಂದರಿಂದ ನಾಲ್ಕನೇ ಸಾಲಿನವರೆಗೆ ಸರಿಯಾಗಿದೆ. ಐದರಲ್ಲಿ ಚೌಕಗಳು ಸ್ವಲ್ಪ ಕೆಳಗೆ ಕೂತಿವೆ. ಆರನೇ ಸಾಲಿನ ಚೌಕಗಳು ‘ಸಾಲು ಏಳು’ ಎಂಬ ಬರಹದ ಎದುರು ಬಂದಿವೆ. ಕಡೆಯ ಸಾಲಿನದ್ದು ಮುಂದಿನ ಪುಟಕ್ಕೇ ಹೋಗಿತ್ತು, ನಾವು ಅದನ್ನು ಪ್ರಿಂಟ್ ಮಾಡಿಯೂ ಇರಲಿಲ್ಲ. ಎಂಟೂವರೆ ಸಾಲಿನ ನಕ್ಷೆ ನೋಡಿ ಯಾರೂ ಎಣಿಸಿರಲಿಲ್ಲ ಎನ್ನುವುದು ನಮ್ಮ ಶ್ರದ್ಧೆಗೆ ಸಾಕ್ಷಿ.

ಅಂಕಲ್ ಸಾಲಿನ ಹೆಸರುಗಳನ್ನು ಟೈಪ್ ಮಾಡಿ, ನಡುವಿನ ಜಾಗಕ್ಕೆ ಎಂಟರ್ ಒತ್ತುತ್ತಾ ಹೋಗಿದ್ದರು. ಚೌಕಗಳನ್ನು ಬೇರೆಯಾಗಿ ಎಳೆದು ಅಂದಾಜಿಗೆ ಕೂರಿಸಿದ್ದರು. ಪ್ರತಿ ಚೌಕಕ್ಕೂ ಒಂದು ಲಂಗರು ಇರುತ್ತದೆ, ಯಾವುದೋ ಒಂದು ಪ್ಯಾರಾಕ್ಕೆ ಕಟ್ಟಿ ಹಾಕಿದ ಹಾಗೆ. ಕೆಲವು ಲಂಗರು ಪ್ಯಾರಾಕ್ಕೆ, ಕೆಲವು ಪುಟಕ್ಕೆ. ಒಂದು ತಂತ್ರಾಂಶಕ್ಕೂ ಇನ್ನೊಂದಕ್ಕೂ ಗೆರೆಯಿಂದ ಗೆರೆಗೆ ಇರುವ ಅಂತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ನಲವತ್ತು ಎಂಟರ್ ಆಗುವಾಗ ಆ ಕೂದಲೆಳೆ ಒಂದು ಗೋರಿಯಷ್ಟು ಅಗಲವಾಗುತ್ತದೆ. ಅದರ ಮೇಲೆ ಹಳೆಯ ಕಡತ ಲೀಗಲ್ ಹಾಳೆಗೆ ಮಾಡಿದ್ದು, ನಾವು ಎ4ಕ್ಕೆ ಇಳಿಸಿದ್ದೆವು.

ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದದ್ದು ಲಿಬ್ರೆಆಫೀಸಿನ ಮೇಲೆ. ಪುಕ್ಕಟೆ ಸಿಕ್ಕಿದ್ದರ ಹಣೆಬರಹವೇ ಇಷ್ಟು ಎಂದರು. ಹಾಗಾದರೆ ನೋಡೋಣ ಎಂದು, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರ ಲ್ಯಾಪ್‌ಟಾಪಿನಲ್ಲಿ, ದುಡ್ಡು ಕೊಟ್ಟು ಕೊಂಡ ವರ್ಡಿನಲ್ಲಿ ಅದೇ ಕಡತ ತೆರೆದೆವು. ಲೀಗಲ್ ಹಾಳೆಯಲ್ಲಿ ಸರಿಯಾಗಿ ಕಂಡಿತು. ಎ4ಕ್ಕೆ ಬದಲಾಯಿಸಿದ ಕೂಡಲೇ ಅಲ್ಲಿಯೂ ಚೌಕಗಳು ಜಾರಿದವು. ಅಂದರೆ ತಪ್ಪು ಎರಡೂ ಕಡೆ ಹಂಚಿಕೆಯಾಗಿತ್ತು, ದೊಡ್ಡ ಪಾಲು ನಮ್ಮದು. ಹೊಸ ತಂತ್ರಾಂಶದಲ್ಲಿ ಹಳೆಯ ಕಡತ ತೆರೆದರೆ ಮೊದಲು ಹಳೆಯ ಪ್ರಿಂಟಿನ ಜತೆ ಹೋಲಿಸಬೇಕು. ಅದೊಂದನ್ನು ಮಾಡಿದ್ದರೆ ಆ ಅಣ್ಣ ಬೇರೆಯವರ ಅಪ್ಪನಿಗೆ ಮೇಣ ಹಚ್ಚಬೇಕಾಗಿರಲಿಲ್ಲ. ಇಷ್ಟಾಗಿಯೂ ಒಂದು ಮಾತು ಹೇಳಲೇಬೇಕು, ಡಬಲ್ ಕ್ಲಿಕ್ ಮಾಡಿದರೆ ಸಾಕು ಎಲ್ಲ ಇದ್ದ ಹಾಗೆಯೇ ಬರುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಸಾದಾ ಪತ್ರ ಬರುತ್ತದೆ, ಲೆಕ್ಕದ ಹಾಳೆ ಬರುತ್ತದೆ. ನಮ್ಮ ವಂತಿಗೆಯ ಎಕ್ಸೆಲ್ ಪಟ್ಟಿಗಳನ್ನು ಕ್ಯಾಲ್ಕ್ ಒಂದು ಪೈಸೆ ವ್ಯತ್ಯಾಸ ಇಲ್ಲದೆ ಕೂಡಿಸಿತು. ಚೌಕ, ಬಾಣ, ಡೊಂಕು ಅಕ್ಷರದ ಅಲಂಕಾರ ಇರುವುದು ಮಾತ್ರ ತನ್ನ ಮನಸ್ಸಿಗೆ ಬಂದ ಕಡೆ ಹೋಗುತ್ತದೆ. ಮ್ಯಾಕ್ರೋ ಬರೆದಿಟ್ಟದ್ದು ನಡೆಯುತ್ತದೆ ಎಂಬ ಭರವಸೆಯೂ ಇಲ್ಲ.

ನಕ್ಷೆಯನ್ನು ಚಿತ್ರವಾಗಿ ಮತ್ತೆ ಮಾಡುವುದು ಬೇಡ, ಪಟ್ಟಿಯಾಗಿ ಮಾಡೋಣ ಎಂದು ತೀರ್ಮಾನವಾಯಿತು. ಕ್ಯಾಲ್ಕಿನಲ್ಲಿ ಸಾಲು, ಸಂಖ್ಯೆ, ಹೆಸರು, ಮನೆ, ವಾಡೆ, ವರ್ಷ ಎಂದು ಆರು ಕಾಲಂ. ಚೌಕ ಜಾರಬಹುದು, ಕಾಲಂ ಜಾರುವುದಿಲ್ಲ. 29 ಮತ್ತು 30ರ ಎರಡೂ ಸಂಜೆ ಟೇಪ್ ಹಿಡಿದು ಸಿಮೆಟ್ರಿಗೆ ಹೋದೆವು. ಒಬ್ಬ 2019ರ ಪ್ರಿಂಟ್ ಹಿಡಿದು ಓದುವುದು, ಇಬ್ಬರು ಶಿಲುಬೆ ಎಣಿಸುವುದು, ಮೂವರು ಹಿರಿಯರು ಕುರ್ಚಿ ಹಾಕಿ ಕುಳಿತು ಹೌದು ಅಲ್ಲ ಎನ್ನುವುದು. 2019ರ ನಂತರದ್ದಕ್ಕೆ ವರ್ಡಿನ ಲೀಗಲ್ ಹಾಳೆ ಮತ್ತು ಹಿರಿಯರ ನೆನಪು, ಎರಡೂ ಒಪ್ಪಿದರೆ ಮಾತ್ರ ಬರೆಯುವುದು. ಗುಡುಗು ಶುರುವಾದರೆ ಚಾಪೆಲಿನೊಳಗೆ ಓಡುವುದು. ಅಲ್ಲಿ ಕೇಳಿದ ಕಥೆಗಳನ್ನೆಲ್ಲ ಬರೆಯಲು ಹೋದರೆ ಇದು ಮುಗಿಯುವುದಿಲ್ಲ. ಮೂರನೇ ಸಾಲಿನಲ್ಲಿ ಬದುಕಿದ್ದಾಗ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅಕ್ಕಪಕ್ಕ ಇದ್ದಾರೆ ಎಂಬುದನ್ನು ಹಿರಿಯರು ಹೇಳಿದಾಗ ಮಾತ್ರ ಎಣಿಸುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆವು.

ಕುವೈತಿನ ಅಣ್ಣನ ಅಪ್ಪ ಇದ್ದದ್ದು ಆರನೇ ಸಾಲಿನ ನಾಲ್ಕರಲ್ಲಿ, ಸುಣ್ಣ ಬಳಿದ ಗೋರಿಯಿಂದ ಒಂದೇ ಸಾಲು ಮೇಲೆ. ಅವರನ್ನು ಕರೆದು ತೋರಿಸಿದೆವು. ಅಮ್ಮನಿಗೆ ವೀಡಿಯೋ ಕಾಲ್ ಮಾಡಿ, ಹತ್ತಿರದ ಗೇರುಮರ ಕಾಣುವ ಹಾಗೆ ಮೊಬೈಲ್ ಹಿಡಿದರು. ಅಮ್ಮ ಅಲ್ಲಿಂದಲೇ, "ಹೌದು, ಅದೇ" ಎಂದರು. ಅಣ್ಣ ಉಳಿದ ಸುಣ್ಣ ಬಳಿದರು. ಏಳನೇ ಸಾಲಿನದ್ದನ್ನು ಅಳಿಸುವುದು ಬೇಡ, ಅದು ಅಲ್ಲಿಯೇ ಇರಲಿ ಎಂದು ಅಜ್ಜಿ ಹೇಳಿದ್ದಾರೆ.

31ರ ರಾತ್ರಿ ಪಟ್ಟಿ ಮುಗಿಸಿ ಉಳಿಸಲು ಹೋದಾಗ ರೈಟರಿನಲ್ಲಿ ಆಗುವಂತೆ ಕ್ಯಾಲ್ಕಿನಲ್ಲೂ ಆ ಪ್ರಶ್ನೆ ಬಂತು: ಈಗಿರುವ ಸ್ವರೂಪವೇ ಇರಲೋ, ಒಡಿಎಫ್ ಆಗಲೋ? ಮೊದಲ ವಾರದಲ್ಲಿ ನಾವು ಅದನ್ನು ಓದದೆ ಒತ್ತುತ್ತಿದ್ದೆವು. ಒಡಿಎಫ್ 2006ರಿಂದ ಅಂತಾರಾಷ್ಟ್ರೀಯ ಮಾನಕ, ಅದರ ಒಳಗೆ ಏನಿದೆ ಎಂಬುದು ಯಾರು ಬೇಕಾದರೂ ಓದಬಹುದಾದ ದಾಖಲೆಯಲ್ಲಿದೆ. ಇನ್ನು ಇಪ್ಪತ್ತು ವರ್ಷದ ನಂತರ ಇದೇ ಕುರ್ಚಿಯಲ್ಲಿ ಕೂರುವ ಮಕ್ಕಳು ನಮ್ಮ ಹಾಗೆ ಪೌಂಡ್ ಚಿಹ್ನೆ ನೋಡಿ ಬೆಚ್ಚಬಾರದು ಎಂದು ಮೂಲ ಪ್ರತಿ ಅದರಲ್ಲೇ ಇಟ್ಟೆವು. ಹೊರಗೆ ಕಳಿಸುವುದಕ್ಕೆ ಎಕ್ಸೆಲ್ ರೂಪದಲ್ಲೊಂದು, ಬೋರ್ಡಿಗೆ ಪಿಡಿಎಫ್ ಒಂದು. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಕಾನ್ವೆಂಟಿಗೆ ಹೋಯಿತು, ಎರಡು ಕಡೆ ಒಟ್ಟಿಗೆ ಸಿಡಿಲು ಹೊಡೆಯಲಿಕ್ಕಿಲ್ಲ.

ಮುಚ್ಚುವ ಮೊದಲು ಅಂಕಲರ ಹಳೆಯ ನಕ್ಷೆಯನ್ನು ಇನ್ನೊಮ್ಮೆ ತೆರೆದೆವು. ಕಡತದ ಗುಣಲಕ್ಷಣ ಎಂಬಲ್ಲಿ ಹೋದರೆ ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಒಟ್ಟು ಎಷ್ಟು ಹೊತ್ತು ತಿದ್ದಿದ್ದು ಎಂಬುದೆಲ್ಲ ಇರುತ್ತದೆ. ಅಂಕಲರ ಹೆಸರು ಇತ್ತು. ತಿದ್ದಿದ ಒಟ್ಟು ಹೊತ್ತು 61 ಗಂಟೆ. ಎರಡು ಬೆರಳಲ್ಲಿ, ಚೌಕ ಚೌಕವಾಗಿ. ನಾವು ಆ ಚೌಕಗಳಿಗೆ ಎಷ್ಟು ಬೈದಿದ್ದೆವು ಎಂಬುದು ನೆನಪಾಗಿ ಯಾರೂ ಮಾತಾಡಲಿಲ್ಲ. ಕಡೆಯ ಬಾರಿ ಉಳಿಸಿದ್ದು ಅವರು ತೀರಿಕೊಳ್ಳುವ ಐದು ತಿಂಗಳ ಮೊದಲು.

ಆಗ ಆ ಎಂಟನೇ ಕ್ಲಾಸಿನ ಹುಡುಗಿ, "ಅಂಕಲ್ ಇದರಲ್ಲಿ ಇಲ್ಲವಲ್ಲ" ಎಂದಳು.

ಇರುವುದು ಹೇಗೆ? ಸತ್ತವರನ್ನೆಲ್ಲ ನಕ್ಷೆಗೆ ಸೇರಿಸುತ್ತಿದ್ದವರು ಅವರು. ಅವರನ್ನು ಸೇರಿಸುವವರು ಇರಲಿಲ್ಲ. ಎರಡು ವರ್ಷ ಗೇಟಿನ ಬೋರ್ಡಿನಲ್ಲಿ ಅವರ ಹೆಸರಿಲ್ಲದ ನಕ್ಷೆಯೇ ಇತ್ತು, ನಮ್ಮ ಹೊಸ ಪಟ್ಟಿಯಲ್ಲೂ ಒಂಬತ್ತನೇ ಸಾಲಿನ ಕಡೆಯ ಶಿಲುಬೆಯ ಎದುರು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೆವು. ಮಳೆ ಬಂದದ್ದರಿಂದ ಆ ಮೂಲೆಯನ್ನು ಹಿರಿಯರಿಗೆ ತೋರಿಸದೆ ಬಂದಿದ್ದೆವು. ರಾತ್ರಿ ಒಂಬತ್ತು ಗಂಟೆಗೆ ಅವರ ಮನೆಯ ಆಂಟಿಗೆ ಫೋನ್ ಮಾಡಿ ಕೇಳಿದೆವು. "ಗೋಡೆಯ ಹತ್ತಿರದ್ದು ಮಕ್ಕಳೇ, ಕೊನೆಯದ್ದು" ಎಂದರು. ಪ್ರಶ್ನಾರ್ಥಕ ಅಳಿಸಿ ಹೆಸರು ಬರೆದಳು ಹುಡುಗಿ. ಸಾಲು ಒಂಬತ್ತು, ಸಂಖ್ಯೆ ಹದಿನೇಳು.

ನವೆಂಬರ್ 2ರಂದು ಫಾದರ್ ಗೋರಿಗಳನ್ನು ಆಶೀರ್ವದಿಸುತ್ತಾ ಒಂಬತ್ತನೇ ಸಾಲಿನ ಕೊನೆಗೆ ಬರುವಾಗ ಆಂಟಿ ಅಲ್ಲಿ ನಿಂತಿದ್ದರು, ಕೈಯಲ್ಲಿ ನಮ್ಮ ಪಟ್ಟಿಯ ಪ್ರಿಂಟ್ ಇತ್ತು. ಮನೆಗೆ ಬೇಕು, ಒಂದು ಕೊಡಿ ಎಂದು ಕೇಳಿ ತೆಗೆದುಕೊಂಡದ್ದು.

ಈಗಿನ ಸ್ಥಿತಿ ಹೇಳುತ್ತೇವೆ. ಕುಟುಂಬ ಪಟ್ಟಿ, ಸಿಮೆಟ್ರಿ ಪಟ್ಟಿ, ವಂತಿಗೆ ಲೆಕ್ಕ ಮೂರೂ ಯುನಿಕೋಡಿಗೆ ಬಂದಿವೆ. ಪೂಜೆಯ ಹಾಡುಗಳ ಪವರ್‌ಪಾಯಿಂಟುಗಳಲ್ಲಿ ಅರ್ಧ ಆಗಿದೆ. ಇಂಪ್ರೆಸಿನಲ್ಲಿ ಕೆಲವು ಹಾಡಿನ ಕಡೆಯ ಸಾಲು ಪರದೆಯಿಂದ ಕೆಳಗೆ ಹೋಗುತ್ತದೆ, ಕ್ವಾಯರಿನವರು ಕ್ಷಮಿಸಬೇಕು, ಕ್ರಿಸ್ಮಸಿನ ಒಳಗೆ ಸರಿ ಮಾಡುತ್ತೇವೆ. ಶ್ರೀಲಿಪಿಯ ಸ್ಮರಣ ಸಂಚಿಕೆ ಹಾಗೆಯೇ ಇದೆ. ಎರಡು ಕಡತಗಳಿಗೆ ಅಂಕಲ್ ಪಾಸ್‌ವರ್ಡ್ ಹಾಕಿದ್ದಾರೆ, ಆಂಟಿಗೂ ಗೊತ್ತಿಲ್ಲ, ಯಾರಿಗಾದರೂ ಅವರು ಹೇಳಿದ್ದರೆ ತಿಳಿಸಿ. ನಿಮ್ಮ ಮನೆಯಲ್ಲಿ ಚರ್ಚಿನ ಹಳೆಯ ಸಿಡಿ, ಫ್ಲಾಪಿ, ಪ್ರಿಂಟು ಏನಿದ್ದರೂ ಶನಿವಾರ ಸಂಜೆ ಐದರ ನಂತರ ಕಚೇರಿಗೆ ತನ್ನಿ. ಗುಡುಗು ಇದ್ದರೆ ಬರಬೇಡಿ, ನಾವು ವಯರ್ ಕಿತ್ತು ಮನೆಗೆ ಹೋಗಿರುತ್ತೇವೆ.